ಸುಖಾಗಮನ ಬಯಸುವವರ ಪಟ್ಟಿ

ನನ್ನ ಮದುವೆಯ ಲಗ್ನಪತ್ರಿಕೆಯನ್ನು ನಾನೇ ಬರೆದೆ. ಕುಂದಲಹಳ್ಳಿಯ ನಮ್ಮ ಮನೆಯಲ್ಲಿ ತಪ್ಪಿಲ್ಲದೆ ಕನ್ನಡ ಟೈಪ್ ಮಾಡಬಲ್ಲವಳು ನಾನೊಬ್ಬಳೇ ಎಂಬುದು ಅಪ್ಪನ ನಂಬಿಕೆ. ಪ್ರೆಸ್ಸಿನವನು ಕೊಟ್ಟ ಮಾದರಿಗಳಲ್ಲಿ ಎರಡು ಹೃದಯಗಳ ಮಿಲನ, ಒಲವಿನ ಪಯಣ ಎಂದೆಲ್ಲ ಇತ್ತು. ಓದಿ ನನಗೇ ನಾಚಿಕೆಯಾಯಿತು. ಅಮ್ಮನನ್ನು ಕೇಳಿದಾಗ ಬೀರುವಿನ ರೇಷ್ಮೆ ಸೀರೆಗಳ ಕೆಳಗಿನಿಂದ ತನ್ನ ಮದುವೆಯ ಪತ್ರಿಕೆ ತೆಗೆದುಕೊಟ್ಟಳು. ಮೂಲೆಗಳಿಗೆ ಹಚ್ಚಿದ್ದ ಅರಿಶಿನ ಕಂದು ಬಣ್ಣಕ್ಕೆ ತಿರುಗಿತ್ತು.

"ನಿಮ್ ತಾತ, ನಮ್ಮಾವ ಬರೆಸಿದ್ದು ಕಣೆ. ಇದನ್ನೇ ನೋಡ್ಕೊಂಡು ಬರಿ," ಎಂದಳು.

ನೋಡಿಕೊಂಡೇ ಬರೆದೆ. ಕುಲದೇವರ ಕೃಪೆಯಿಂದ ಹಿಡಿದು ಸಕುಟುಂಬ ಸಪರಿವಾರದವರೆಗೆ ಒಂದಕ್ಷರ ಬಿಡದೆ ಇಳಿಸಿದೆ. ಕೊನೆಗೆ 'ಸುಖಾಗಮನ ಬಯಸುವವರು' ಎಂಬ ಪಟ್ಟಿಯಲ್ಲಿ ಅಪ್ಪನ ತಮ್ಮ ಎಂದು ಚಿಕ್ಕಪ್ಪನ ಹೆಸರಿತ್ತು. ಅದನ್ನೂ ಇಳಿಸಿದೆ.

ಚಿಕ್ಕಪ್ಪ ನಮ್ಮ ತಾತನ ಎರಡನೆಯ ಹೆಂಡತಿಯ ಮಗ. ನಮ್ಮ ಬೀದಿಯ ಕೊನೆಯ ಮನೆ ಅವನದು. ನಾನು ಶಾಲೆಗೆ ಹೋಗುತ್ತಿದ್ದುದು ಅವನ ಸೈಕಲ್ಲಿನ ಹಿಂದೆ ಕೂತು. ತಾತ ತೀರಿಕೊಂಡ ಮೇಲೆ ಕೆರೆ ಪಕ್ಕದ ಜಮೀನಿಗೆ ಬಿಲ್ಡರ್ ಬಂದ, ಚಿಕ್ಕಪ್ಪ ಪಾಲು ಕೇಳಿದ, ಅಪ್ಪ ಆಗುವುದಿಲ್ಲ ಎಂದ, ವಿಷಯ ಕೋರ್ಟಿಗೆ ಹೋಯಿತು. ಇಷ್ಟು ನನಗೆ ಗೊತ್ತಿತ್ತು. ದಾಯಾದಿ ಜಗಳ ಯಾರ ಮನೆಯಲ್ಲಿಲ್ಲ, ಮದುವೆಯ ಊಟಕ್ಕೆ ಕೂತರೆ ಸರಿಹೋಗುತ್ತದೆ ಎಂದುಕೊಂಡಿದ್ದೆ. ಮಹಾ ಬುದ್ಧಿವಂತೆ ನಾನು! 'ಈತ ನನ್ನ ತಂದೆಯ ಮಗನೇ ಅಲ್ಲ' ಎಂದು ಅಪ್ಪ ಕೋರ್ಟಿಗೆ ಬರೆದುಕೊಟ್ಟಿದ್ದು ನನಗೆ ಗೊತ್ತಿರಲಿಲ್ಲ.

ಪತ್ರಿಕೆಯ ಕರಡು ಬಂದ ದಿನ ಅಪ್ಪನ ಲಾಯರು ನಮ್ಮ ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಅಪ್ಪ ತಾನು ಓದುವ ಮೊದಲೇ ಹೆಮ್ಮೆಯಿಂದ ಅವರ ಕೈಗೆ ಕೊಟ್ಟ. ಓದುತ್ತ ಓದುತ್ತ ಅವರು ಲೋಟ ಕೆಳಗಿಟ್ಟರು.

"ಯಜಮಾನ್ರೇ, ಇದೇನ್ ಮಾಡ್ಕೊಂಡಿದೀರಾ? ಅಲ್ಲಿ ಸಂಬಂಧಾನೇ ಇಲ್ಲ ಅಂತೀರಾ, ಇಲ್ಲಿ ತಮ್ಮ ಅಂತ ಅಚ್ಚು ಹಾಕಿಸ್ತೀರಾ? ಈ ಕಾಗದ ಜಡ್ಜ್ ಮುಂದಿಟ್ರೆ ಕೇಸ್ ಮುಗೀತು."

ಅಪ್ಪ ನನ್ನತ್ತ ತಿರುಗಿದ. "ಎಲ್ಲಿಂದ ಬರ್ಕೊಂಡೆ ಇದ್ನ?"

"ನಿಮ್ಮ ಮದ್ವೆ ಪತ್ರಿಕೆ ನೋಡ್ಕೊಂಡು ಬರ್ದೆ."

"ಅದಿನ್ನೂ ಇದ್ಯಾ?" ಎಂದು ಲಾಯರು ಕುರ್ಚಿಯ ತುದಿಗೆ ಬಂದರು. "ತಂದೆಯೋರೇ ಬರೆಸಿದ್ದು ಅಂದ್ರೆ ಅದು ಇದಕ್ಕಿಂತ ಅಪಾಯ ಕಣಮ್ಮ."

"ತಗೊಂಬಾ, ಒಲೆಗೆ ಆಕ್ತೀನಿ," ಎಂದು ಅಪ್ಪ ಕೈಚಾಚಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ. ತಾತನ ಮಾತನ್ನು ಸುಡುವುದಕ್ಕೆ ನನಗೆ ಮನಸ್ಸು ಬರಲಿಲ್ಲ.

"ಹರಿದೋಗಿತ್ತು ಅಪ್ಪ. ಕಸದ ಗಾಡಿಗೆ ಹಾಕ್ಬಿಟ್ಟೆ."

ಪತ್ರಿಕೆ ನನ್ನ ಆಫೀಸಿನ ಬ್ಯಾಗಿನಲ್ಲಿತ್ತು.

ಅಂದಿನಿಂದ ಆ ಬ್ಯಾಗನ್ನು ಒಂದು ಗಳಿಗೆ ಬಿಡಲಿಲ್ಲ. ಊಟದ ಕೋಣೆಗೂ, ಟೈಲರ್ ಹತ್ತಿರಕ್ಕೂ ಹೊತ್ತುಕೊಂಡೇ ಹೋದೆ. ಒಂದು ಸಂಜೆ ಮನೆಗೆ ಬಂದರೆ ಅಪ್ಪ ಬೀರುವಿನ ಸೀರೆಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಕೂತಿದ್ದ. ನನ್ನ ಮಾತನ್ನು ಅವನು ನಂಬಿಲ್ಲ ಎಂದು ಗೊತ್ತಾಯಿತು. ಮದುವೆಗೆ ಎಂಟು ದಿನ ಉಳಿದಿತ್ತು. ಹೊಸ ಪತ್ರಿಕೆಗಳು ಚಿಕ್ಕಪ್ಪನ ಹೆಸರಿಲ್ಲದೆ ಅಚ್ಚಾಗಿ ಬಂದಿದ್ದವು. ಕರೆಯಬೇಕಾದವರಲ್ಲೂ ಅವನಿರಲಿಲ್ಲ.

ಹಳೆಯ ಪತ್ರಿಕೆಯನ್ನು ಚಿಕ್ಕಪ್ಪನಿಗೇ ಕೊಟ್ಟುಬಿಡುವುದೆಂದು ನಿಶ್ಚಯಿಸಿದೆ. ಅಪ್ಪ ನೆಂಟರನ್ನು ಕರೆಯಲು ಆನೇಕಲ್ಲಿಗೆ ಹೋದ ಬೆಳಿಗ್ಗೆ, ಹೊಸದೊಂದು ಪತ್ರಿಕೆಯನ್ನೂ ತೆಗೆದುಕೊಂಡು ಹೊರಟೆ. ಬೀದಿ ತುಂಬ ಪೀಜಿ ಹಾಸ್ಟೆಲ್ಲುಗಳು. ಅಲ್ಲಿಯ ಹುಡುಗರಿಗೆ ನಾನು ಯಾರೆಂದೂ ಗೊತ್ತಿಲ್ಲ. ಆದರೂ ಪ್ರತಿ ಬಾಲ್ಕನಿಯಿಂದಲೂ ಯಾರೋ ಅಪ್ಪನಿಗೆ ಫೋನ್ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು.

"ಬಾ ಮಗಾ," ಎಂದು ಚಿಕ್ಕಪ್ಪ ಕೂರಿಸಿದ. ಕನ್ನಡಕ ಹಾಕಿಕೊಂಡು, ಹೊಸ ಪತ್ರಿಕೆಯ ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ಓದಿದ. ಪಟ್ಟಿ ಮುಗಿದ ಮೇಲೆ ಹಿಂಬದಿಯನ್ನೂ ತಿರುಗಿಸಿ ನೋಡಿದ. ಅಲ್ಲಿ ಛತ್ರದ ದಾರಿ ಮಾತ್ರ ಇತ್ತು.

"ಅಚ್ಚು ಚೆನ್ನಾಗೈತೆ," ಎಂದ. "ನಿಮ್ಮಪ್ಪನ ಮದ್ವೇಲಿ ನನ್ ಎಸ್ರೂ ಆಕ್ಸಿದ್ರು. ನಂಗಾಗ ಮೀಸೇನೂ ಬಂದಿರ್ಲಿಲ್ಲ. ಅದ್ರದ್ದು ಒಂದಾದ್ರೂ ಸಿಕ್ತದಾ ಅಂತ ಊರೆಲ್ಲ ಕೇಳ್ದೆ. ಯಾರ್ ಅತ್ರಾನೂ ಇಲ್ಲ. ನಿಮ್ಮನೇಲಿ ಎಲ್ಲಾದ್ರೂ ಕಂಡಿದ್ಯೇನವ್ವ?"

ಬ್ಯಾಗು ನನ್ನ ತೊಡೆಯ ಮೇಲೆಯೇ ಇತ್ತು. ಜಿಪ್ ಎಳೆದರೆ ಮುಗಿಯಿತು. ಆದರೆ ಅದು ಕೋರ್ಟಿಗೆ ಹೋದ ದಿನವೇ ಎಲ್ಲಿಂದ ಹೋಯಿತೆಂದು ಅಪ್ಪನಿಗೆ ತಿಳಿಯುತ್ತದೆ. ಧಾರೆಯ ಹೊತ್ತಿಗೆ ಅವನು ಮಂಟಪಕ್ಕೇ ಬರದಿದ್ದರೆ? ಅಮ್ಮನ ಗತಿ ಏನು? ಜಾಲಹಳ್ಳಿಯ ಬೀಗರ ಮುಂದೆ ನಾನು ಏನೆಂದು ಹೇಳಲಿ?

"ಇಲ್ಲ ಚಿಕ್ಕಪ್ಪ. ನಾನು ನೋಡೇ ಇಲ್ಲ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೆ ನನ್ನ ಮೇಲೇ ಭಯವಾಯಿತು. ಅವನು ಕನ್ನಡಕ ತೆಗೆದು ಮಡಿಸಿಟ್ಟ.

"ಓಗ್ಲಿ ಬುಡು. ಬೇರೆ ಯಾರಂದಿದ್ರೂ ನಂಬ್ತಿರ್ಲಿಲ್ಲ. ನೀನೇ ಇಲ್ಲ ಅಂದ್ಮೇಲೆ ಇನ್ನ ಉಡುಕಾದು ನಿಲ್ಲಿಸ್ತೀನಿ."