ಕ್ಲ್ಯಾಪ್ ಹೊಡೆದ ಮೇಲೂ ನಿಂತವಳು

ಮೈದಾನದಲ್ಲಿ ಎಲ್ಲರೂ ಅವಳನ್ನು ಮಿಡತೆ ಎಂದೇ ಕರೆಯುತ್ತಿದ್ದರು. ಉದ್ದ ಕಾಲು, ಕಡ್ಡಿಯಂಥ ಮೈ. ಹರ್ಡಲ್ಸ್ ಓಟದ ಒಂದೊಂದು ಅಡ್ಡಗಟ್ಟೆಯನ್ನೂ ಹೊಸಿಲು ದಾಟಿದಷ್ಟು ಸಲೀಸಾಗಿ ಹಾರುತ್ತಿದ್ದಳು. ಆಮೇಲೆ ಮೊಣಕಾಲು ಕೈಕೊಟ್ಟಿತು. ಓಡಬಹುದು, ಹಾರುವ ಹಾಗಿಲ್ಲ ಎಂದರು ಡಾಕ್ಟರು.

ಆಗ ಸಿಕ್ಕಿದ್ದು ಟೀವಿ ಧಾರಾವಾಹಿಯ ಕೆಲಸ. ಕಥಾನಾಯಕಿ ಮೆಟ್ಟಿಲಿಳಿದು ಓಡಬೇಕಾದಾಗ, ಬಸ್ಸು ಅಟ್ಟಿಕೊಂಡು ಹೋಗಬೇಕಾದಾಗ, ಇವಳು ವಿಗ್ಗು ಹಾಕಿ, ಅದೇ ಬಣ್ಣದ ಸೀರೆಯುಟ್ಟು ಓಡಬೇಕು. ಕ್ಯಾಮೆರಾ ಹಿಂದಿನಿಂದ.

ಮೊದಲ ದಿನ ಅದು ಟೀವಿಯಲ್ಲಿ ಬಂದಾಗ ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ, ಪಕ್ಕದ ಮನೆಯವರನ್ನೆಲ್ಲ ಕರೆದು ಕೂರಿಸಿಕೊಂಡಳು. ಪರದೆಯ ಮೇಲೆ ಬೆನ್ನು ಓಡಿತು, ಓಡಿತು, ತಿರುಗಿತು. ತಿರುಗಿದ್ದು ನಾಯಕಿಯ ಮುಖ.

“ಬೆನ್ನು ನಿಂದು, ಮುಖ ಅವಳದ್ದು. ಇದ್ಯಾವ ಸೀಮೆ ನ್ಯಾಯನೇ?”

“ಕೂಲಿ ಕೊಡ್ತಾರಲ್ಲಮ್ಮ.”

“ಕೊಡ್ಲಿ. ನಾನು ಹೊತ್ತು ಹೆತ್ತಿದ್ದು ಬರೀ ಬೆನ್ನಾ?”

ಎಲ್ಲರೂ ನಕ್ಕರು, ಅವಳೂ ನಕ್ಕಳು. ಆದರೆ ಆ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ಉಳಿಯಿತು. ಮರುದಿನ ನಿರ್ದೇಶಕರ ಮುಂದೆ ನಿಂತಳು. “ಸರ್, ನಂಗೊಂದು ಮಾತಿರೋ ಪಾತ್ರ ಕೊಡಿ.”

“ಓಡಮ್ಮ ನೀನು, ಸಾಕು.”

ಅವಳು ಬಿಡಲಿಲ್ಲ. ಟೀಗೆ ಮುಂಚೆ ಕೇಳಿದಳು, ಟೀ ಆದ ಮೇಲೂ ಕೇಳಿದಳು. ಕೊನೆಗೆ ಒಬ್ಬ ನಟಿ ಶೂಟಿಂಗಿಗೆ ಬಾರದೆ ಹೋದ ದಿನ ಅವರು ಬೇಸತ್ತು, “ತಗೋ, ನರ್ಸ್. ಒಂದೇ ಮಾತು. ಆಮೇಲೆ ನನ್ನ ಪ್ರಾಣ ತಿನ್ಬೇಡ” ಎಂದರು.

ಆಸ್ಪತ್ರೆಯ ಕಾರಿಡಾರು. ಬೆಂಚಿನ ಮೇಲೆ ಒಬ್ಬ ಹೆಂಗಸು. ಒಳಗೆ ಅವಳ ಗಂಡ ತೀರಿಕೊಂಡಿದ್ದಾನೆ, ಅವಳಿಗಿನ್ನೂ ಗೊತ್ತಿಲ್ಲ. ನರ್ಸು ಬಾಗಿಲಲ್ಲಿ ನಿಂತು ನೋಡಿ, ಹತ್ತಿರ ಬಂದು, “ಅಮ್ಮಾ, ಒಳಗೆ ಬನ್ನಿ” ಎನ್ನಬೇಕು. ಅಷ್ಟೇ. ಸಾವಿನ ಸುದ್ದಿಯೆಲ್ಲ ಆ ಮೂರು ಪದಗಳಲ್ಲೇ ಇರಬೇಕು.

ಹಸಿರು ಗೋಡೆಯ ಸೆಟ್ಟು ಸಿದ್ಧವಾಯಿತು. ಸಹಾಯಕ ಬಂದು ಅವಳ ಮುಖದ ಮುಂದೆ ಕ್ಲ್ಯಾಪ್ ಹಲಗೆ ಹಿಡಿದು ಟಪ್ ಎಂದು ಹೊಡೆದ. ನಿರ್ದೇಶಕರು ‘ಆಕ್ಷನ್’ ಎನ್ನುವಷ್ಟರಲ್ಲಿ ಅವಳು ಬೆಂಚಿನ ಹತ್ತಿರ ತಲುಪಿ ಮಾತೂ ಮುಗಿಸಿದ್ದಳು!

ಎರಡನೇ ಸಲವೂ ಹಾಗೆಯೇ. ಬುದ್ಧಿ ತಡೆ ಎನ್ನುತ್ತಿತ್ತು, ಕಾಲು ಕೇಳುತ್ತಿರಲಿಲ್ಲ. ಬಾಲ್ಯದಿಂದ ಅದಕ್ಕೆ ಕಲಿಸಿದ್ದು ಒಂದೇ ಪಾಠ, ಸದ್ದಾದರೆ ಚಿಮ್ಮು. ಮೂರನೇ ಸಲ ಬಾಗಿಲ ಚೌಕಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ತಗಡಿನ ಚೌಕಟ್ಟು ಅವಳ ಜೊತೆಗೇ ಬಂತು.

“ಸಾವಿನ ಸುದ್ದಿ ಹೇಳೋ ಅವಸರ ನೋಡ್ರಪ್ಪಾ” ಎಂದು ಯಾರೋ ಅಂದರು. ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು.

ನಿರ್ದೇಶಕರು ನಗಲಿಲ್ಲ. “ಊಟ ಆದ್ಮೇಲೆ ಬೇರೆಯವರನ್ನ ಹಾಕ್ತೀನಿ. ನಿನಗೆ ಬೆನ್ನೇ ಚೆಂದ ಕಣಮ್ಮ.”

“ಊಟ ಮುಗಿಯೋವರೆಗೂ ಪಾತ್ರ ನಂದೇ ತಾನೆ ಸರ್?”

“ಅಲ್ಲೀವರೆಗೆ ಮಹಾರಾಣಿ ಬೇಕಾದ್ರೂ ಆಗು, ಹೋಗು.”

ಎಲ್ಲರೂ ತಟ್ಟೆ ಹಿಡಿದರು. ಅವಳು ಕ್ಲ್ಯಾಪ್ ಹಲಗೆ ಎತ್ತಿಕೊಂಡು, ಮೇಕಪ್ ಅಕ್ಕನನ್ನು ಸೆಟ್ಟಿನ ಬಾಗಿಲಿಗೆ ಎಳೆದು ತಂದಳು. “ಅಕ್ಕಾ, ನನ್ನ ಕಿವಿ ಪಕ್ಕ ಹೊಡಿ.”

“ನಿನ್ನನ್ನಾ?”

“ಹಲಗೇನ. ನಾನು ಸಾಕು ಅನ್ನೋವರೆಗೂ ನಿಲ್ಲಿಸ್ಬೇಡ.”

ಟಪ್. ಮೈ ಚಿಮ್ಮಿತು. ಮತ್ತೆ ಟಪ್. ತಟ್ಟೆ ಹಿಡಿದವರು ಸುತ್ತ ಸೇರಿದರು. “ಮದ್ದಲೆ ಕಚೇರಿ ಶುರುವಾಯ್ತು” ಎಂದ ಒಬ್ಬ. ಅವಳು ಅತ್ತ ತಿರುಗಲಿಲ್ಲ. ಮೊದಲು ಹಿಮ್ಮಡಿ ಮಾತು ಕೇಳಿತು, ಆಮೇಲೆ ಮೀನಖಂಡ, ಆಮೇಲೆ ಹೆಗಲು. ಎಲ್ಲಕ್ಕಿಂತ ಹಠಮಾರಿ ಉಸಿರು. ಅದೂ ಕೊನೆಗೆ ತಲೆಬಾಗಿತು.

“ನನ್ನ ಕೈ ಬಿದ್ದೋಯ್ತಲ್ಲೇ, ಗಂಡನ್ನೂ ಇಷ್ಟು ಬಡಿದಿಲ್ಲ ನಾನು” ಎಂದಳು ಅಕ್ಕ, ಮಣಿಕಟ್ಟು ಉಜ್ಜಿಕೊಳ್ಳುತ್ತ.

ನಿರ್ದೇಶಕರು ಬಾಯೊರೆಸಿಕೊಂಡು ಬಂದರು. ಜೊತೆಯಲ್ಲಿ ಹೊಸ ಹುಡುಗಿ. “ಆ ಡ್ರೆಸ್ಸು ಇವಳಿಗೆ ಕೊಡಮ್ಮ.”

“ಒಂದೇ ಒಂದು ಸಲ ತೆಗೀರಿ ಸರ್. ತಪ್ಪಿದ್ರೆ ಈ ನರ್ಸ್ ಟೋಪಿ ನಾನೇ ಅವಳ ತಲೆ ಮೇಲಿಡ್ತೀನಿ.” ದನಿಯಲ್ಲಿ ದೈನ್ಯ ಇರಲಿಲ್ಲ. ಬಾಗಿಲು ಬಿಟ್ಟು ಕದಲಲೂ ಇಲ್ಲ.

ಅವರು ಗೊಣಗುತ್ತ ಕುರ್ಚಿಗೆ ಹೋದರು.

ಕ್ಲ್ಯಾಪ್ ಬಿತ್ತು. ಅವಳು ನಿಂತೇ ಇದ್ದಳು. “ಆಕ್ಷನ್.” ಆಗಲೂ ನಿಂತೇ ಇದ್ದಳು.

ಬೆಂಚಿನ ಹೆಂಗಸು ಮಡಿಲಲ್ಲಿ ಟವೆಲು ಮಡಚುತ್ತಿದ್ದಳು. ಗಂಡ ಎದ್ದ ಕೂಡಲೇ ಮುಖ ಒರೆಸಲು ಬೇಕಾಗುತ್ತದೆ ಎನ್ನುವಂತೆ ಅಂಚಿಗೆ ಅಂಚು ಕೂಡಿಸುತ್ತಿದ್ದಳು. ಮಡಚಿ ಮುಗಿಸಲಿ, ಎಂದುಕೊಂಡಳು ಬಾಗಿಲಲ್ಲಿ ನಿಂತವಳು. ಅಷ್ಟು ಹೊತ್ತಾದರೂ ಆಕೆ ಹೆಂಡತಿಯಾಗಿ ಕೂತಿರಲಿ. ನಿರ್ದೇಶಕರು ‘ಕಟ್’ ಎನ್ನಲು ಬಾಯಿ ತೆರೆದರು. ಕ್ಯಾಮೆರಾದವನು ಕಣ್ಣು ತೆಗೆಯದೆ ಕೈಯೆತ್ತಿ ತಡೆದ. ಟವೆಲು ಮಡಚಿ ಆಯಿತು. ಆಗ ನಡೆದಳು, ನಿಧಾನವಾಗಿ, ನೆಲ ನೋಯಬಾರದೆಂಬಂತೆ.

“ಅಮ್ಮಾ, ಒಳಗೆ ಬನ್ನಿ.”

ಯಾರೂ ನಗಲಿಲ್ಲ. ಬೆಂಚಿನ ನಟಿಗೆ ಮುಂದಿನ ಮಾತು ಮರೆತೇಹೋಯಿತು.

“ಕಟ್” ಎಂದರು ನಿರ್ದೇಶಕರು, ಸಣ್ಣ ದನಿಯಲ್ಲಿ. ಹೊಗಳಲಿಲ್ಲ. “ಸರಿ, ಮುಂದೆ ಬಸ್ ಸೀನು. ಹೋಗು, ವಿಗ್ ಹಾಕ್ಕೊಂಡ್ ಬಾ” ಎಂದರು.

“ಇಲ್ಲ ಸರ್.”

“ಏನು ಇಲ್ಲ?”

“ಬೆನ್ನು ಇನ್ಮೇಲೆ ಬಾಡಿಗೆಗಿಲ್ಲ.”

“ಒಂದು ಮಾತಾಡಿದ್ದಕ್ಕೇ ಇಷ್ಟು ಕೊಬ್ಬಾ? ನಾಳೆಯಿಂದ ಕೆಲಸ ಇಲ್ಲ ಅಂದ್ರೆ ಏನ್ಮಾಡ್ತೀಯ?”

“ಆಗ್ಲೂ ಬರ್ತೀನಿ. ಗೇಟಲ್ಲೇ ನಿಂತಿರ್ತೀನಿ. ನೀವು ದಿನಾ ನನ್ನ ಮುಖ ನೋಡ್ಕೊಂಡೇ ಒಳಗೆ ಹೋಗ್ಬೇಕು.”

ಹೊರಗೆ ಬಸ್ಸು ಹಾರ್ನು ಹೊಡೆಯುತ್ತಲೇ ಇತ್ತು. ಆಚೆ ಮೂಲೆಯಲ್ಲಿ ನಾಯಕಿ ಸೀರೆಯ ನೆರಿಗೆ ಎತ್ತಿ ಹಿಡಿದು, ಮೇಕಪ್ ಅಕ್ಕನನ್ನು ಕೇಳುತ್ತಿದ್ದಳು: “ಅಕ್ಕಾ, ಓಡೋಕೆ ಆಗೋವಂಥ ಚಪ್ಪಲಿ ಯಾರ ಹತ್ರ ಆದ್ರೂ ಇದೆಯಾ?”