ಪೆನ್ಸಿಲ್ವೇನಿಯಾ ಸಿದ್ದಯ್ಯ

ಅಮೆರಿಕದ ಮಧ್ಯಂತರ ಚುನಾವಣೆಯನ್ನು ಭದ್ರಾವತಿ ನ್ಯೂ ಟೌನಿನ ವಸಂತನ ಟೀ ಅಂಗಡಿಯಿಂದಲೇ ನಡೆಸುವವರು ನಮ್ಮ ಸಿದ್ದಯ್ಯನವರು. ಪೆನ್ಸಿಲ್ವೇನಿಯಾ ರಾಜ್ಯದ ಒಂದೊಂದು ಕ್ಷೇತ್ರವೂ ಅವರಿಗೆ ಬಾಯಿಪಾಠ. ಮೇಜಿನ ಮೇಲೆ ರಸ್ಕು ಜೋಡಿಸಿ, "ಇದು ಅವರ ಹೊಳೆಹೊನ್ನೂರು ಕಣಯ್ಯ, ರೈತರು ಜಾಸ್ತಿ. ಇದು ಅವರ ಓಲ್ಡ್ ಟೌನು, ಕೊನೇ ದಿನ ಏನು ಬೇಕಾದ್ರೂ ಆಗುತ್ತೆ" ಎಂದು ಗಡಿ ತೋರಿಸುತ್ತಾರೆ; ಸೋಲುವ ಕ್ಷೇತ್ರವನ್ನು ಟೀಯಲ್ಲಿ ಅದ್ದಿ ತಿಂದುಬಿಡುತ್ತಾರೆ. ಶಿವಮೊಗ್ಗದ ಬಸ್ಸು ಹತ್ತಿದರೆ ಪಕ್ಕದವರಿಗೆ ಅಲ್ಲಿಯ ಲೆಕ್ಕಾಚಾರ ಬಿಡಿಸಿ ಹೇಳುತ್ತ ತಮ್ಮ ಸ್ಟಾಪನ್ನೇ ದಾಟಿಹೋಗುತ್ತಾರೆ. ನಮ್ಮೂರ ಚುನಾವಣೆಯ ಮಾತೆತ್ತಿದರೆ ಮಾತ್ರ "ನೋಡಣ" ಎಂದು ಲೋಟ ಕೆಳಗಿಡುತ್ತಾರೆ. ಅಮೆರಿಕದ ಎರಡು ಪಕ್ಷಗಳಲ್ಲಿ ಒಂದು ಸಲ ನೀಲಿ ಬಣ್ಣದ್ದಕ್ಕೆ ಚಪ್ಪಾಳೆ, ಇನ್ನೊಂದು ಸಲ ಕೆಂಪಿಗೆ. ಅವರದು ಯಾವ ಕಡೆಯೆಂದು ಯಾರಿಗೂ ಬಗೆಹರಿದಿಲ್ಲ. ಫಲಿತಾಂಶದ ಬೆಳಿಗ್ಗೆಯಂತೂ ತಮ್ಮ ನೌಕರಿ ಕಾಲದ ಕಾರ್ಖಾನೆಯ ಹಳೇ ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿ, ಕತ್ತಿನವರೆಗೂ ಗುಂಡಿ ಹಾಕಿಕೊಂಡು, ಮೊಬೈಲು ಹಿಡಿದು ಬಂದು ಕೂರುತ್ತಾರೆ. ಈ ಸಲ ವಸಂತ ತಡೆಯಲಾರದೆ ಕೇಳಿಯೇಬಿಟ್ಟ: "ಅಲ್ಲಾ ಸಿದ್ದಯ್ಯಣ್ಣ, ನಿಮ್ ಕ್ಯಾಂಡಿಡೇಟು ಯಾರು?" "ಅಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಗೆ ಮತ್ತೆ ಬೆಂಕಿ ಹಾಕಿಸ್ತೀನಿ ಅಂದೋನು. ಯಾವ ಪಕ್ಷ ಆದ್ರೇನು?" "ಅವನು ಗೆದ್ರೆ ಅಲ್ಲಿಯವರಿಗೆ ಕೆಲಸ. ನಿಮಗೇನು ಬಂತು?" ಸಿದ್ದಯ್ಯನವರು ಕಾಲರು ಸರಿಮಾಡಿಕೊಂಡು, ತಾವು ದುಡಿದ ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಹೊಗೆಯಿಲ್ಲದ ಚಿಮಣಿಯ ಕಡೆಗೆ ತಿರುಗಿ ಕೂತರು. "ಆರಿದ ಫರ್ನೇಸು ಮತ್ತೆ ಹೊತ್ತಿದ್ದನ್ನ ಎಲ್ಲಾದ್ರೂ ಒಂದ್ ಕಡೆ ನೋಡ್ಬೇಕು ಮಾರಾಯ. ಈಗ ಸುಮ್ನಿರು, ಎಣಿಕೆ ನಡೀತಿದೆ."