ಎಡಗೈ ಪಂಕ್ತಿ

ಕುರುಗೋಡಿನ ಅಣ್ಣನ ಮೀಸೆಯ ಒಂದು ತುದಿ ಮೇಲೆ, ಇನ್ನೊಂದು ಕೆಳಗೆ. ಲಕ್ವ ಹೊಡೆದು ಬಲಗೈ ಸೋತ ಮೇಲೆ ಎಡಗೈಯಲ್ಲೇ ಕತ್ತರಿ ಹಿಡಿಯುತ್ತಾರೆ. ಕಟಿಂಗ್ ಅಂಗಡಿಗೆ ಹೋಗಿ ಎಂದರೆ, “ಎಡಗೈಗೂ ಕಲಿಯಾಕ ಒಂದು ಮೀಸಿ ಬೇಕಲ್ರಿ” ಎನ್ನುತ್ತಾರೆ.

ಬಸ್ ಕಂಡಕ್ಟರ್ ಆಗಿದ್ದ ಅವರು ಸಿಕ್ಕಿದ್ದು ನಮ್ಮೂರ ಗಾಂಧಿನಗರದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ. ನನ್ನ ಗಂಡನಿಗೂ ಮೂವತ್ತೈದಕ್ಕೇ ಅದೇ ಕಾಯಿಲೆ, ಸೋತದ್ದೂ ಅದೇ ಬಲಗೈ. ಒಂದು ಬೆಳಿಗ್ಗೆ ನನ್ನೆದುರೇ ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದವರ ಕೈಯಿಂದ ಚಮಚ ಬಿತ್ತು, ಬಾಯಿ ಓರೆಯಾಯಿತು. ಆಸ್ಪತ್ರೆಯಿಂದ ಬಂದ ಮೇಲೂ ನನ್ನ ಕಿವಿಯಲ್ಲಿ ಆ ಚಮಚ ಬೀಳುತ್ತಲೇ ಇತ್ತು. ಮತ್ತೆ ಹೊಡೆಯಿತೇನೋ ಎಂದು ಆಗಾಗ, ಕ್ಲಿನಿಕ್ಕಿನಲ್ಲೂ, “ಒಮ್ಮೆ ನಗ್ರಿ, ಕೈ ಎತ್ರಿ” ಎಂದು ಪರೀಕ್ಷೆ ಮಾಡುತ್ತಿದ್ದೆ. ಪಾಪ, ನನ್ನ ಗಂಡ ಹಲ್ಲು ಕಿರಿಯುತ್ತಿದ್ದರು.

ಅದನ್ನು ಕಂಡ ಅಣ್ಣ, “ತಂಗಿ, ಹಿಂಗ ಗದರಿಸಿದ್ರ ಯಾರು ನಗ್ತಾರವಾ? ಒಂದು ಜೋಕಾದ್ರೂ ಹೇಳು” ಎಂದರು.

ಕ್ಲಿನಿಕ್ಕಿನಲ್ಲಿ ಉಳಿದವರೆಲ್ಲ ಅಜ್ಜಂದಿರು. “ಈ ವಯಸ್ಸಿಗೇ?” ಎಂದು ಅವರು ಮರುಗಿದರೆ ನನ್ನ ಗಂಡ ತಲೆ ತಗ್ಗಿಸುತ್ತಿದ್ದರು. ಅಣ್ಣ ಮಾತ್ರ, “ಅಡ್ವಾನ್ಸ್ ಬುಕಿಂಗ್ ರೀ” ಎನ್ನುತ್ತಿದ್ದರು.

ಆಮೇಲೆ ಪ್ರತಿ ಭಾನುವಾರ ಬಸ್ಸು ಹತ್ತಿ ನಮ್ಮ ಮನೆಗೇ ಬರತೊಡಗಿದರು. ಇಬ್ಬರೂ ಅಂಗಿಯ ಗುಂಡಿ ಹಾಕುವ ಪಂದ್ಯ ಕಟ್ಟುತ್ತಿದ್ದರು. ಸೋತವರು ಚಹಾ ಸೋಸಬೇಕು. ಅರ್ಧ ಚಹಾ ನನ್ನ ಅಡುಗೆಕಟ್ಟೆ ಕುಡಿಯುತ್ತಿತ್ತು.

ಆದರೂ ನನ್ನ ಗಂಡ ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ತಟ್ಟೆಯನ್ನು ಒಳಕೋಣೆಗೇ ತರಿಸಿಕೊಳ್ಳುತ್ತಿದ್ದರು. ನೆಂಟರ ಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ಅಷ್ಟರಲ್ಲಿ ಸಿರುಗುಪ್ಪದಲ್ಲಿ ಅಣ್ಣನ ತಂಗಿಯ ಮದುವೆ ಬಂತು. “ನೀ ಬರಾಕಬೇಕು. ನಾ ಒಬ್ಬನ ಎಡಗೈಲೆ ಉಂಡ್ರ ತಪ್ಪಂತಾರ. ಇಬ್ರು ಉಂಡ್ರ ನಮ್ಮ ಕಡೆ ಪದ್ಧತಿ ಅಂತ ಸುಮ್ನಾಗ್ತಾರ” ಎಂದು ಎಳೆದುಕೊಂಡು ಹೋದರು.

ಪಂಕ್ತಿಯಲ್ಲಿ ತುಪ್ಪ ಬಡಿಸುತ್ತಿದ್ದ ಹಿರಿಯರು ನಿಂತೇಬಿಟ್ಟರು. “ಏನ್ರಪಾ, ಎಡಗೈಲೆ ಉಣ್ಣಾಕತ್ತೀರಿ?”

ನನ್ನ ಗಂಡ ಏಳಲು ಹೊರಟರು. ಅಣ್ಣ ಅವರ ಅಂಗಿ ಜಗ್ಗಿದರು. “ಕುಂದ್ರಲೇ ದೋಸ್ತ. ಅಜ್ಜಾರ, ನಮ್ಮ ಬಲಗೈ ರಜಾದ ಮ್ಯಾಲ ಅದಾವ್ರಿ. ಎಡಗೈ ಡಬಲ್ ಡ್ಯೂಟಿ ಮಾಡಾಕತ್ತಾವು. ಹೋಳಿಗಿನೂ ಡಬಲ್ ಹಾಕಿಸ್ರಿ.”

ಅಜ್ಜ ನಕ್ಕ ಭರಕ್ಕೆ ತುಪ್ಪದ ಚಮಚ ಠಣ್ಣೆಂದು ನೆಲಕ್ಕೆ ಬಿತ್ತು. ಎದುರು ಸಾಲಿನಲ್ಲಿದ್ದ ನಾನು ಎಂಜಲುಗೈಯಲ್ಲೇ ಎದ್ದು ನಿಂತೆ. ನನ್ನ ಗಂಡ ನಗುತ್ತಿದ್ದರು. ಬಾಯಿ ಇನ್ನೂ ತುಸು ಓರೆ. ಆದರೆ ಯಾರೂ ನಗಲು ಹೇಳಿರಲಿಲ್ಲ.

“ಕುಂದ್ರು ತಂಗಿ,” ಎಂದರು ಅಣ್ಣ. “ಪರೀಕ್ಷಾ ಪಾಸಾದ. ಉಣ್ಣು.”

ಈಗಲೂ ಚಮಚ ಬಿದ್ದರೆ ಬೆಚ್ಚುತ್ತೇನೆ. ನಗ್ರಿ ಎಂದು ಮಾತ್ರ ಕೇಳುವುದಿಲ್ಲ. ಅಣ್ಣನಿಗೆ ಫೋನು ಹಚ್ಚಿ ಗಂಡನ ಕೈಗೆ ಕೊಟ್ಟು, ಅಡುಗೆಮನೆಯಲ್ಲಿ ನಿಂತು ನಗು ಕೇಳಿಸುವವರೆಗೆ ಕಾಯುತ್ತೇನೆ.